10 ಆಂಪಿಯರಿನ ಮೂರು ಬಗೆ: ತಂತಿಯನ್ನು ಉಳಿಸಿದ್ದು ಯಾವುದು?

ಕಾರಿನ ಡ್ಯಾಶ್‌ಬೋರ್ಡಿನ ಅಡಿಯಿಂದ ಸುಟ್ಟ ವಾಸನೆ ಬಂದ ದಿನ ನಾನು ಮೊದಲು ತೆರೆದು ನೋಡಿದ್ದು ಫ್ಯೂಸ್ ಬಾಕ್ಸನ್ನು. ಒಂದು ಫ್ಯೂಸೂ ಹೋಗಿರಲಿಲ್ಲ. ಅನಾಹುತಕ್ಕೆ ಕಾರಣವೂ ಅದೇ ಆಗಿತ್ತು. ಮಂಜುದೀಪಕ್ಕೆ ಹೋಗುವ ತಂತಿ ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸವೆದು, ಅರೆಬರೆ ತಾಗುತ್ತಿತ್ತು. ಕೆಂಪು ಬಣ್ಣದ 10 ಆಂಪಿಯರ್ ಫ್ಯೂಸ್ ಆಗಲೇ ಸುಟ್ಟು ದಾರಿ ಕಡಿಯಬೇಕಿತ್ತು. ಅದರ ಬದಲು ತಂತಿಯೇ ಸುಟ್ಟಿತು. ಅದರ ಜೊತೆ ಕಟ್ಟಿದ್ದ ನಾಲ್ಕು ತಂತಿಗಳ ಹೊದಿಕೆ ಕರಗಿ, ಎಲ್ಲವೂ ಒಂದೇ ಕಪ್ಪು ಹಗ್ಗದಂತೆ ಅಂಟಿಕೊಂಡಿದ್ದವು. ಬಿಡಿಸಲು ಹೋದರೆ ತಾಮ್ರದ ಎಳೆಗಳು ಬರಿಗೈಗೆ ಬರುತ್ತಿದ್ದವು.

ಫ್ಯೂಸ್ ಇರುವುದು ದೀಪವನ್ನೋ ರೇಡಿಯೋವನ್ನೋ ಕಾಯಲು ಎಂದು ಬಹಳ ಜನ ತಿಳಿದಿದ್ದಾರೆ. ಅದು ಮುಖ್ಯವಾಗಿ ಕಾಯುವುದು ತಂತಿಯನ್ನು. ಕರೆಂಟು ಎರಡು ಪಟ್ಟಾದರೆ ತಂತಿಯಲ್ಲಿ ಹುಟ್ಟುವ ಶಾಖ ನಾಲ್ಕು ಪಟ್ಟಾಗುತ್ತದೆ. ಆ ಹೊತ್ತಿಗೆ ಫ್ಯೂಸ್ ತಡಮಾಡಬಾರದು.

ಕೈಕೊಟ್ಟ ಫ್ಯೂಸ್ ಬಂದದ್ದು ಎಲ್ಲ ಬಣ್ಣಗಳೂ ಒಟ್ಟಿಗೆ ಸಿಗುವ, ತಯಾರಕರ ಹೆಸರಿಲ್ಲದ ಡಬ್ಬಿಯಿಂದ. ಅದೇ ಡಬ್ಬಿಯ ಫ್ಯೂಸ್, ವಾಹನ ತಯಾರಕರ ಬಿಡಿಭಾಗವಾಗಿ ಬರುವ ಫ್ಯೂಸ್, ಫ್ಯೂಸಿನ ಜಾಗದಲ್ಲೇ ಕೂರುವ ತಾನೇ ಮರುಜೋಡಣೆಯಾಗುವ ಬ್ರೇಕರ್, ಈ ಮೂರನ್ನೂ ಮೇಜಿನ ಮೇಲಿಟ್ಟು ನೋಡಿದೆ. ಎಲ್ಲವೂ 10 ಆಂಪಿಯರಿನವು. 12 ವೋಲ್ಟಿನ ಬ್ಯಾಟರಿಗೆ 60 ವಾಟಿನ ನಾಲ್ಕು ಹೆಡ್‌ಲೈಟ್ ಬಲ್ಬುಗಳನ್ನು ಸಮಾನಾಂತರವಾಗಿ ಜೋಡಿಸಿದರೆ ಸುಮಾರು 20 ಆಂಪಿಯರ್ ಹರಿಯುತ್ತದೆ. ತಣ್ಣಗಿರುವ ಬಲ್ಬು ಹೊತ್ತಿಕೊಳ್ಳುವಾಗ ಕ್ಷಣಕಾಲ ಹಲವು ಪಟ್ಟು ಹೆಚ್ಚು ಕರೆಂಟು ಎಳೆಯುವುದರಿಂದ, ಮೊದಲು ಫ್ಯೂಸಿನ ಮೂಲಕ ಹೋಗದೆ ಅದರ ಪಕ್ಕದಿಂದ ಹಾದುಹೋಗುವ ದಪ್ಪ ತಂತಿಯಲ್ಲಿ ಬಲ್ಬುಗಳನ್ನು ಉರಿಸಿ, ಆಮೇಲೆ ಆ ತಂತಿಯನ್ನು ತೆಗೆದು ಸಮಯ ಎಣಿಸಿದೆ. ಬ್ಯಾಟರಿಯ ಪಕ್ಕದಲ್ಲೇ 30 ಆಂಪಿಯರಿನ ಒಳ್ಳೆಯ ಫ್ಯೂಸ್ ಇಟ್ಟಿದ್ದೆ. ಅದಿಲ್ಲದೆ ಯಾರೂ ಇಂಥ ಪ್ರಯೋಗಕ್ಕೆ ಕೈಹಾಕಬಾರದು.

ತಯಾರಕರ ಫ್ಯೂಸ್‌ಗಳು ಮೂರನ್ನು ಸುಟ್ಟೆ. ಮೂರೂ ಎರಡು ಸೆಕೆಂಡಿನೊಳಗೆ ಹೋದವು. ನಡುವಿನ ಸತುವಿನ ಪಟ್ಟಿ ಅತಿ ಕಿರಿದಾದ ಜಾಗದಲ್ಲಿ ಕರಗಿ, ಕೂದಲೆಳೆಯಷ್ಟು ಅಂತರ ಬಿಟ್ಟು ತುಂಡಾಯಿತು. ಪ್ಲಾಸ್ಟಿಕ್ಕಿಗೆ ಏನೂ ಆಗಲಿಲ್ಲ. ಎರಡು ಪಟ್ಟು ಕರೆಂಟಿನಲ್ಲಿ ಇಂಥ ಫ್ಯೂಸ್ 5 ಸೆಕೆಂಡಿನೊಳಗೆ ಹೋಗಬೇಕೆಂಬುದು ಮಾನದಂಡ.

ಡಬ್ಬಿಯ ಫ್ಯೂಸ್‌ಗಳ ಕಥೆ ಬೇರೆ. ಮೊದಲನೆಯದು 19 ಸೆಕೆಂಡ್ ತಡೆಯಿತು, ಎರಡನೆಯದು 41 ಸೆಕೆಂಡ್. ಮೂರನೆಯದು ಹೋಗಲೇ ಇಲ್ಲ. ಎರಡು ನಿಮಿಷ ಕಳೆಯುವಷ್ಟರಲ್ಲಿ ಅದರ ಕೆಂಪು ಪ್ಲಾಸ್ಟಿಕ್ ಮೆತ್ತಗಾಗಿ ಒಂದು ಪಕ್ಕಕ್ಕೆ ವಾಲಿತು, ಅದೇ ಹಳೆಯ ವಾಸನೆ ಮೂಗಿಗೆ ಬಡಿಯಿತು, ನಾನೇ ಕ್ಲಿಪ್ ಕಿತ್ತೆ. ಒಡೆದು ನೋಡಿದರೆ ಒಳಗಿನ ಪಟ್ಟಿ ನಡುವೆ ಕಿರಿದಾಗಿಯೇ ಇರಲಿಲ್ಲ. ಮೂರಕ್ಕೂ ಮೇಲೆ ಒಂದೇ ಅಂಕಿ, ಒಂದೇ ಬಣ್ಣ! ಇಷ್ಟು ದಿನ ನಂಬಿದ್ದು ಬರೀ ಬಣ್ಣವನ್ನು ಎಂದು ನೆನೆದು ಸಿಟ್ಟು ಬಂತು.

ಇನ್ನೊಂದು ಕೊರತೆ ಕಾಲುಗಳಲ್ಲಿದೆ. ಡಬ್ಬಿಯವುಗಳ ಕಾಲು ತೆಳು, ಹೋಲ್ಡರಿನಲ್ಲಿ ಅಲ್ಲಾಡುತ್ತವೆ. ಹಿಡಿತ ಸಡಿಲವಾದರೆ ಸರಿಯಾದ ಕರೆಂಟಿನಲ್ಲೂ ಆ ಜಾಗ ಬಿಸಿಯಾಗುತ್ತದೆ, ಫ್ಯೂಸ್ ಹೋಗದೆಯೇ ಹೋಲ್ಡರ್ ಕರಗುತ್ತದೆ. ಮಾಮೂಲಿ 8 ಆಂಪಿಯರಿನಲ್ಲಿ ಅರ್ಧ ಗಂಟೆ ಬಿಟ್ಟಾಗ ತಯಾರಕರ ಫ್ಯೂಸ್ ಬೆಚ್ಚಗಿತ್ತು, ಡಬ್ಬಿಯದರ ಮೇಲೆ ಬೆರಳಿಡಲಾಗಲಿಲ್ಲ.

ಬ್ರೇಕರಿನ ಮೇಲೆ ನನಗೆ ಬಹಳ ಆಸೆಯಿತ್ತು. ಬದಲಿಸುವ ಗೋಜಿಲ್ಲ, ದಾರಿಯಲ್ಲಿ ಪರದಾಡುವುದಿಲ್ಲ. ಒಳಗಿರುವ ಎರಡು ಲೋಹಗಳ ಪಟ್ಟಿ ಬಿಸಿಯಾಗಿ ಬಾಗಿದಾಗ ಸಂಪರ್ಕ ಕಡಿಯುತ್ತದೆ. ಹನ್ನೊಂದನೆಯ ಸೆಕೆಂಡಿಗೆ ಟಿಕ್ ಎಂದಿತು, ಬಲ್ಬುಗಳು ಆರಿದವು. ಸ್ವಲ್ಪ ಹೊತ್ತಿಗೆ ಪಟ್ಟಿ ತಣಿದು ಮತ್ತೆ ಟಿಕ್, ಬಲ್ಬುಗಳು ಮತ್ತೆ ಹೊತ್ತಿಕೊಂಡವು. ಹತ್ತು ನಿಮಿಷ ಇದೇ ಆಟ. ಪ್ರತಿ ಸುತ್ತಿನಲ್ಲೂ ತಂತಿ ಪೂರ್ತಿ ತಣಿಯುವ ಮೊದಲೇ ಮತ್ತೆ ಬಿಸಿಯಾಗುತ್ತಿತ್ತು. ಸವೆದ ತಂತಿಯ ವಾಹನ ರಾತ್ರಿಯಿಡೀ ನಿಂತಿರುವಾಗ ಹೀಗೆ ಹೊತ್ತಿ ಆರುತ್ತಿದ್ದರೆ ಕೇಳುವವರು ಯಾರು? ಕಿಟಕಿ ಏರಿಸುವ ಮೋಟರಿನಂತೆ ಒಮ್ಮೊಮ್ಮೆ ಸಿಕ್ಕಿಕೊಂಡು ಬಿಡುವ ಭಾಗಗಳಿಗೆ ಇದು ಸರಿ. ದೀಪದ ತಂತಿಗೆ ನಾನು ಹಾಕುವುದಿಲ್ಲ. ಹಾಕಲೇಬೇಕೆಂದಿದ್ದರೆ, ಕೈಯಿಂದ ಗುಂಡಿ ಒತ್ತುವ ತನಕ ಮತ್ತೆ ಜೋಡಣೆಯಾಗದ ಬಗೆಯೂ ಇದೆ, ಅದನ್ನೇ ತೆಗೆದುಕೊಳ್ಳಿ.

ಈಗ ನನ್ನ ಫ್ಯೂಸ್ ಬಾಕ್ಸಿನಲ್ಲಿ ಇರುವುದೆಲ್ಲ ತಯಾರಕರವೇ. ಕೆಂಪು ಹೋದಾಗ ಕೈಗೆ ಸಿಕ್ಕ 20 ಆಂಪಿಯರಿನ ಹಳದಿಯನ್ನು ತುರುಕುವ ಅಭ್ಯಾಸ ನನಗೂ ಇತ್ತು, ಅದನ್ನೂ ಬಿಟ್ಟೆ; ತಂತಿಗೆ ಅದು ಡಬ್ಬಿಯ ಫ್ಯೂಸಿನಷ್ಟೇ ಅಪಾಯ. ಡಬ್ಬಿಯಲ್ಲಿ ಉಳಿದಿದ್ದವುಗಳ ಕಾಲುಗಳನ್ನು ಒಂದೊಂದಾಗಿ ಕತ್ತರಿಸಿ ಎಸೆದೆ, ಬೇರೆ ಯಾರ ವಾಹನಕ್ಕೂ ಅವು ಸೇರಬಾರದೆಂದು.