ಬೆಂಗಳೂರಿನ ಪೇಯ್ಡ್ ವೃದ್ಧಾಶ್ರಮ: ಊಟಕ್ಕೆ ಫಸ್ಟ್ ಕ್ಲಾಸ್, ರಾತ್ರಿ ಪಾಳಿಗೆ ಜಸ್ಟ್ ಪಾಸ್

ಬಡಾವಣೆಯ ಮನೆಯನ್ನೇ ಆಶ್ರಮ ಮಾಡಿಕೊಂಡ ಜಾಗಗಳ ಬಗ್ಗೆ ಈ ಮಾತು. 30x40 ಅಥವಾ 40x60 ಸೈಟು, ಮೂರಂತಸ್ತು, ಕೆಳಗೆ ಆಫೀಸು, ದೇವರ ಪಟ, ದೊಡ್ಡ ಟಿವಿ. ನೋಡಲು ಹೋದವರನ್ನು ಅಲ್ಲೇ ಕೂರಿಸಿ ಕಾಫಿ ಕೊಡುತ್ತಾರೆ. ಆ ಹಜಾರ ಸಿಂಗಾರಗೊಂಡಿರುವುದು ಅಪ್ಪ ಅಮ್ಮನನ್ನು ಸೇರಿಸಲು ಬರುವ ಮಕ್ಕಳಿಗಾಗಿ. ಹಾಸಿಗೆ ಹಿಡಿದವರು ಎರಡನೇ ಮಹಡಿಯಲ್ಲಿರುತ್ತಾರೆ, ಅಂಕ ಹಾಕಬೇಕಾದ್ದು ಅಲ್ಲಿಗೆ.

ಊಟದ ರುಚಿಗೆ ದೂರಿಲ್ಲ. ಮೆತ್ತಗಿನ ಅನ್ನ, ತಿಳಿಸಾರು, ರಾಗಿ ಗಂಜಿ ಹೊತ್ತಿಗೆ ಸರಿಯಾಗಿ ಬರುತ್ತವೆ. ಕೆಡುವುದು ಆ ಹೊತ್ತೇ. ಅಡುಗೆಯವರು ಬೇಗ ಹೊರಡಲೆಂದು ಸಂಜೆ ಆರೂವರೆಗೆ ರಾತ್ರಿಯೂಟ ಮುಗಿಸಿದರೆ ಬೆಳಗಿನ ಎಂಟೂವರೆಯ ತಿಂಡಿವರೆಗೆ 14 ಗಂಟೆ ಹೊಟ್ಟೆ ಖಾಲಿ. ಇನ್ಸುಲಿನ್ ತಗೊಳ್ಳುವವರಿಗೆ ನಸುಕಿನಲ್ಲಿ ಶುಗರ್ ಕುಸಿಯಲು ಇಷ್ಟು ಸಾಕು. ಒಂಬತ್ತಕ್ಕೆ ಹಾಲೋ ಗಂಜಿಯೋ ಉಂಟೇ, ಕೇಳಿ. ಡಯಾಪರ್ ಬದಲಿಸುವ ಕೆಲಸ ತಪ್ಪಲಿ ಎಂದು ನೀರು ಕಮ್ಮಿ ಕುಡಿಸುವುದು ಇನ್ನೊಂದು ಚಾಳಿ. ಮಲಬದ್ಧತೆ, ಉರಿಮೂತ್ರ, ಆಮೇಲೆ ಇದ್ದಕ್ಕಿದ್ದಂತೆ ಅಸಂಬದ್ಧ ಮಾತು. ಅರಳುಮರಳು ಅಂತ ತಳ್ಳಿಹಾಕುವುದು ಎಷ್ಟೋ ಸಲ ಮೂತ್ರದ ಸೋಂಕು.

ಬಚ್ಚಲಿಗೆ ಟೇಪು ಹಿಡಿದೇ ಹೋಗಿ. ಮನೆಗೆಂದು ಇಟ್ಟ ಎರಡೂವರೆ ಅಡಿಯ ಬಾಗಿಲಲ್ಲಿ ಚೌಕಟ್ಟು ಕಳೆದರೆ ಉಳಿಯುವುದು 26–27 ಇಂಚು, ವೀಲ್‌ಚೇರಿನ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಹಾಗಾಗಿ ಆಯಾ ಗಾಡಿಯನ್ನು ಹೊರಗೇ ನಿಲ್ಲಿಸಿ, ರಟ್ಟೆ ಹಿಡಿದು ಒದ್ದೆ ಹೊಸ್ತಿಲು ದಾಟಿಸುತ್ತಾಳೆ. ಜಾರುವುದು ಅಲ್ಲಿ. ಚೌಕಟ್ಟಿನ ಒಳಗಿನ ತೆರವು 32 ಇಂಚಾದರೂ ಬೇಕು. ಬಾಗಿಲು ಒಳಕ್ಕೆ ತೆರೆಯುವಂತಿದ್ದರೆ ಬಿದ್ದವರ ಮೈಯೇ ಅದಕ್ಕೆ ಅಡ್ಡವಾಗುತ್ತದೆ. ಟವೆಲ್ ರಾಡನ್ನೇ ಹಿಡಿಕೆ ಎಂದು ತೋರಿಸುವವರಿದ್ದಾರೆ, ಮೈಭಾರ ಹಾಕಿ ಜಗ್ಗಿ ನೋಡಿ. ನಾಲ್ಕು ಜನರ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ. ನಡುರಾತ್ರಿ ಆಂಬುಲೆನ್ಸ್ ಬಂದರೆ ಬೆಡ್‌ಶೀಟಿನಲ್ಲಿ ಹೊತ್ತು ಮೆಟ್ಟಿಲಿಳಿಸಬೇಕಾದ ಗತಿ.

ಇನ್ನು ರಿಜಿಸ್ಟರು. ಔಷಧದ ಚಾರ್ಟನ್ನು ಬೆಳಿಗ್ಗೆ ಹನ್ನೊಂದಕ್ಕೆ ತೆರೆಸಿ. ರಾತ್ರಿ ಎಂಟರ ಕಾಲಂನಲ್ಲಿ ಆಗಲೇ ಸಹಿ ಬಿದ್ದಿದ್ದರೆ ಅಲ್ಲಿಂದ ಎದ್ದು ಬನ್ನಿ. ಮಲಗಿದಲ್ಲೇ ಹುಣ್ಣಾಗದಂತೆ ಮಗ್ಗುಲು ಬದಲಿಸಿದ ಪಟ್ಟಿಯೂ ಹಾಗೆಯೇ: 10, 12, 2, 4 ಎಂದು ಒಂದೇ ಪೆನ್ನಲ್ಲಿ, ಒಂದೇ ಓಟದಲ್ಲಿ ಬರೆದಿದ್ದರೆ ಅದು ಪಾಳಿ ಮುಗಿಯುವಾಗ ಗೀಚಿದ್ದು. ನಿಜವಾಗಿ ಮಗ್ಗುಲಾಗಿಸಿದವರ ಬರಹದಲ್ಲಿ 10.20 ಇರುತ್ತದೆ, 12.45 ಇರುತ್ತದೆ, ಕಾಫಿ ಕಲೆಯೂ ಇರುತ್ತದೆ. ಪಂಪಿನಿಂದ ಗಾಳಿ ತುಂಬುವ ಗಾಳಿಹಾಸಿಗೆ ಇದೆಯಲ್ಲ ಎಂಬ ಉತ್ತರ ಒಪ್ಪಬೇಡಿ, ಅದಿದ್ದರೂ ಮಗ್ಗುಲು ಬದಲಿಸಲೇಬೇಕು. ಪಂಪಿನ ಸದ್ದಿಗೆ ನಿದ್ದೆ ಬರಲ್ಲ ಎಂದು ರಾತ್ರಿ ಸ್ವಿಚ್ ಆರಿಸಿಬಿಟ್ಟರಂತೂ ಮುಗಿಯಿತು. ಸೇರಿಸಿದ ಮೇಲೆ ಹೋದಾಗಲೆಲ್ಲ ಬೆನ್ನಿನ ಬುಡ, ಹಿಮ್ಮಡಿ ಮುಟ್ಟಿ ನೋಡಿ. ನಮ್ಮ ಮೈಬಣ್ಣಕ್ಕೆ ಕೆಂಪು ಎದ್ದು ಕಾಣುವುದಿಲ್ಲ, ಬಿಸಿಯಾಗಿ ಗಟ್ಟಿಯಾಗಿದ್ದರೆ ಹುಣ್ಣು ಶುರುವಾಗಿದೆ ಅಂತಲೇ ಲೆಕ್ಕ. ಮೂತ್ರದ ಚೀಲ ಮಂಚದ ಪಕ್ಕ ತೂಗಾಡಬೇಕು, ನೆಲಕ್ಕೆ ತಾಗಬಾರದು. ಮೂಗಿನ ನಳಿಗೆಯಲ್ಲಿ ಊಟ ಕೊಡುವಾಗ ತಲೆ 30–45 ಡಿಗ್ರಿ ಎತ್ತರಿಸಿ, ಆಮೇಲೂ ಅರ್ಧ ಗಂಟೆಯಾದರೂ ಹಾಗೇ ಇರಿಸಬೇಕು.

ಸಮವಸ್ತ್ರ ನೋಡಿ ಎಲ್ಲರನ್ನೂ ನರ್ಸ್ ಅಂದುಕೊಳ್ಳಬೇಡಿ. ಕರ್ನಾಟಕ ರಾಜ್ಯ ಶುಶ್ರೂಷಾ ಪರಿಷತ್ತಿನ ನೋಂದಣಿ ಸಂಖ್ಯೆ ಇರುವವರು ಎಷ್ಟು, ಅವರಲ್ಲಿ ರಾತ್ರಿ ಇರುವವರು ಯಾರು? ಉತ್ತರ ತಡವರಿಸುವುದು ಇಲ್ಲೇ. "ಆನ್ ಕಾಲ್ ಇದ್ದಾರೆ" ಎಂದರೆ ರಾತ್ರಿ ಇಲ್ಲ ಎಂದರ್ಥ.

ತಿಂಗಳ ಮೊತ್ತದಲ್ಲಿ ಡಯಾಪರ್, ಗ್ಲೌಸ್, ಫಿಸಿಯೊಥೆರಪಿ, ಡಾಕ್ಟರ್ ಭೇಟಿ ಸೇರಿವೆಯೇ? ಆಸ್ಪತ್ರೆಯಲ್ಲಿದ್ದ ದಿನಗಳಿಗೂ ಬಾಡಿಗೆ ಹಿಡಿಯುತ್ತಾರೆಯೇ? ಡಿಪಾಸಿಟ್ ಎಷ್ಟು ದಿನಕ್ಕೆ ವಾಪಸು? ಬಾಯಿಮಾತು ಬೇಡ, ಕರಾರಿನಲ್ಲಿ ಬರೆಸಿ. ನಿರ್ಲಕ್ಷ್ಯ ಕಂಡರೆ ಹಿರಿಯರ ಸಹಾಯವಾಣಿ 14567 ಇದೆ.

ನಡೆದಾಡುವ, ನಾಲ್ಕು ಜನರ ಜೊತೆ ಮಾತಾಡಬೇಕೆನ್ನುವ ಅಜ್ಜ ಅಜ್ಜಿಯರಿಗೆ ಇಂಥ ಮನೆಗಳು ಒಗ್ಗುತ್ತವೆ. ಹಾಸಿಗೆ ಹಿಡಿದವರಿಗಾದರೆ ನೆಲಮಹಡಿಯ ಕೋಣೆ ಕೇಳಿ. ಅದು ಖಾಲಿಯಿಲ್ಲ ಎಂದರೆ ಮುಂದಿನ ವಿಳಾಸಕ್ಕೆ ಹೊರಡಿ.