ಅಂಬಾಸಡರ್, ಡುಕ್ಕರ್ ಫಿಯೆಟ್, ಹೆರಾಲ್ಡ್: ಮೂರು ಹಳೆಯ ಕಾರುಗಳ ಮೈಕಟ್ಟಿನ ವಿಚಿತ್ರಗಳು

ಕಲಬುರಗಿಯಲ್ಲಿ ನಾವು ಮೂವರು ಗೆಳೆಯರ ಬಳಿ ಮೂರು ಹಳೆಯ ಕಾರುಗಳಿವೆ. ನನ್ನದು ತಂದೆಯ ಕಾಲದ ಅಂಬಾಸಡರ್. ಒಬ್ಬರದು ಐವತ್ತರ ದಶಕದ ಫಿಯೆಟ್ 1100. ಇನ್ನೊಬ್ಬರದು ಎರಡೇ ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್. ಕಳೆದ ಚಳಿಗಾಲದಲ್ಲಿ ಅವುಗಳನ್ನು ಅದಲುಬದಲು ಮಾಡಿಕೊಂಡು, ಒಂದೊಂದು ವಾರ ಮನೆಯಲ್ಲಿಟ್ಟುಕೊಂಡು, ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದವರೆಗೆ ಓಡಿಸಿ ನೋಡಿದೆವು. ಎಂಜಿನ್ನಿನ ಮಾತನ್ನು ಇಲ್ಲಿ ಎತ್ತುವುದಿಲ್ಲ. ನನ್ನ ಕುತೂಹಲವಿದ್ದದ್ದು ತಗಡಿನ ಕೆಲಸದಲ್ಲಿ: ‘ಇದನ್ನು ಹೀಗೇಕೆ ಮಾಡಿದರು’ ಎಂದು ತಲೆ ಕೆರೆದುಕೊಳ್ಳುವಂತೆ ಮಾಡುವ ಭಾಗಗಳು ನಿತ್ಯದ ಬಳಕೆಯಲ್ಲಿ ಹೇಗೆ ನಡೆದುಕೊಳ್ಳುತ್ತವೆ ಎಂಬುದರಲ್ಲಿ.

ಮೊದಲು ಬಾಗಿಲು. ಮರಾಠಿ ಬಲ್ಲ ಮಿಸ್ತ್ರಿಗಳು ಈ ಫಿಯೆಟ್‌ಗೆ ಅದರ ಗುಂಡು ಮೈ ನೋಡಿ ‘ಡುಕ್ಕರ್’, ಅಂದರೆ ಹಂದಿ, ಎನ್ನುತ್ತಾರೆ. ಇದರ ಮುಂದಿನ ಬಾಗಿಲಿನ ಕೀಲು ಇರುವುದು ಮುಂದೆ ಅಲ್ಲ, ಹಿಂದೆ, ನಡುಗಂಬದ ಮೇಲೆ. ಹಿಂದಿನ ಬಾಗಿಲಿನ ಕೀಲೂ ಅದೇ ಕಂಬಕ್ಕಿದೆ. ಎರಡನ್ನೂ ತೆರೆದರೆ ಒಂದೇ ಬೆನ್ನಿನ ಎರಡು ರೆಕ್ಕೆಗಳಂತೆ ಎದುರುಬದುರು ನಿಲ್ಲುತ್ತವೆ. ಗೆಳೆಯರ ಕಾರಿನಲ್ಲಿ ಎರಡೂ ಬಾಗಿಲುಗಳ ಅಂಚಿನ ಬಣ್ಣ ಒಂದೇ ಎತ್ತರದಲ್ಲಿ ಎದ್ದುಹೋಗಿರುವುದು ಏಕೆಂದು ನನಗೆ ಅರ್ಥವಾದದ್ದು ಅವು ಒಂದಕ್ಕೊಂದು ಬಡಿದ ಸದ್ದು ಕೇಳಿದ ಮೇಲೆಯೇ. ಆದರೆ ಇಳಕಲ್ ಸೀರೆ ಉಟ್ಟ ನನ್ನ ಅತ್ತೆ, ಮಂಡಿನೋವಿನಿಂದಾಗಿ ಅಂಬಾಸಡರ್ ಹತ್ತಲು ಎರಡು ಬಾರಿ ನಿಲ್ಲುವವರು, ಇದರಲ್ಲಿ ಬೆನ್ನು ತಿರುಗಿಸಿ ಕಟ್ಟೆಯ ಮೇಲೆ ಕೂರುವಂತೆ ಕೂತು, ಆಮೇಲೆ ಕಾಲು ಒಳಗೆ ಎಳೆದುಕೊಂಡರು. ಅಪಾಯ ಇರುವುದು ಓಡುವಾಗ. ಸಾಮಾನ್ಯ ಬಾಗಿಲಿನ ಚಿಲಕ ಜಾರಿದರೆ ಎದುರುಗಾಳಿ ಅದನ್ನು ಮುಚ್ಚುವ ಕಡೆಗೇ ಒತ್ತುತ್ತದೆ. ಇದರ ಚಿಲಕ ಜಾರಿದರೆ ಗಾಳಿ ಮುಂದಿನ ಅಂಚಿನೊಳಗೆ ನುಗ್ಗಿ ಬಾಗಿಲನ್ನೇ ಕಿತ್ತೆಸೆಯುವಂತೆ ತೆರೆಯುತ್ತದೆ. 1964ರಿಂದ ಬಂದ 1100 ಡಿಲೈಟ್‌ನಲ್ಲಿ, ಮುಂದೆ ಪದ್ಮಿನಿ ಎನಿಸಿಕೊಂಡ ಅದೇ ಮಾದರಿಯಲ್ಲಿ, ಮುಂದಿನ ಬಾಗಿಲು ಎಲ್ಲರಂತೆ ತೆರೆಯುತ್ತದೆ. ಆ ವಾರವಿಡೀ ನಾನು ಹೊರಡುವ ಮುನ್ನ ಚಿಲಕವನ್ನು ಮೂರು ಸಲ ಎಳೆದು ನೋಡುತ್ತಿದ್ದೆ.

ಬಾನೆಟ್ಟಿನ ವಿಷಯದಲ್ಲಿ ಹೆರಾಲ್ಡ್‌ಗೆ ಸರಿಸಾಟಿ ಇಲ್ಲ. ಮುಂದಿನ ಚಕ್ರದ ಹಿಂದೆ, ಎರಡೂ ಬದಿಗೆ, ಪೆಟ್ಟಿಗೆಯ ಕೊಂಡಿಯಂಥ ಒಂದೊಂದು ಹಿಡಿಕೆ ಇದೆ. ಅವನ್ನು ಬಿಚ್ಚಿ ಎತ್ತಿದರೆ ಬಾನೆಟ್, ಮಡ್‌ಗಾರ್ಡ್, ಹೆಡ್‌ಲೈಟು ಎಲ್ಲವೂ ಒಂದೇ ತುಂಡಾಗಿ ಮುಂದಕ್ಕೆ ಮಗುಚಿಕೊಳ್ಳುತ್ತವೆ. ಮುಂದಿನ ಟೈರಿನ ಮೇಲೆ ಕೂತು ಕಾರ್ಬ್ಯುರೇಟರ್ ಬಿಚ್ಚುವ ಸುಖವನ್ನು ಅನುಭವಿಸಿಯೇ ತಿಳಿಯಬೇಕು. ಅಂಬಾಸಡರ್‌ನಲ್ಲಾದರೆ ಎರಡು ಎತ್ತರದ ಮಡ್‌ಗಾರ್ಡುಗಳ ಮೇಲೆ ಹೊಟ್ಟೆಯೂರಿ, ಬಾವಿಯಲ್ಲಿ ಕೊಡ ಹುಡುಕಿದಂತೆ ಬಗ್ಗಬೇಕು.

ಈ ವಿಚಿತ್ರಕ್ಕೆ ಕಾರಣವೂ ಸ್ವಾರಸ್ಯಕರವಾಗಿದೆ. ಇಂಗ್ಲೆಂಡಿನಲ್ಲಿ ಹೆರಾಲ್ಡನ್ನು ರೂಪಿಸಿದ ಸ್ಟ್ಯಾಂಡರ್ಡ್-ಟ್ರಯಂಫ್ ಕಂಪನಿಗೆ ಕಾರಿನ ಮೈ ಮಾಡಿಕೊಡುತ್ತಿದ್ದ ಫಿಷರ್ ಆ್ಯಂಡ್ ಲಡ್ಲೋ ಕಾರ್ಖಾನೆಯನ್ನು 1953ರಲ್ಲಿ ಎದುರಾಳಿ ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕೊಂಡುಬಿಟ್ಟಿತು. ಇಡೀ ಮೈಯನ್ನು ಒಂದೇ ಗೂಡಾಗಿ ಬೆಸೆದು ಕೊಡುವವರು ಸಿಗದಿದ್ದಾಗ, ಹಳೆಯ ಪದ್ಧತಿಯ ಪ್ರತ್ಯೇಕ ಚಾಸಿಗೆ, ಅಂದರೆ ತಳದ ಉಕ್ಕಿನ ಚೌಕಟ್ಟಿಗೆ, ಮರಳಿ, ಬೇರೆ ಬೇರೆ ಕಡೆ ಮಾಡಿಸಿದ ತುಂಡುಗಳನ್ನು ಅದರ ಮೇಲೆ ಬೋಲ್ಟಿನಿಂದ ಕೂಡಿಸುವ ಉಪಾಯ ಹೂಡಿದರು. ರೂಪ ಕೊಟ್ಟವರು ಇಟಲಿಯ ಜೊವಾನ್ನಿ ಮಿಕೆಲೊಟ್ಟಿ. ಚಾವಣಿಯನ್ನೂ ಬೋಲ್ಟ್ ಬಿಚ್ಚಿ ಇಳಿಸಬಹುದು. ನಮ್ಮ ಅಂಬಾಸಡರ್‌ನ ಮೂಲವಾದ ಮೋರಿಸ್ ಆಕ್ಸ್‌ಫರ್ಡ್ ಅದೇ ಬಿಎಂಸಿಯ ಕೂಸು. ಅಂದರೆ ನನ್ನ ಕಾರಿನ ತವರುಮನೆಯವರು ಮಾಡಿದ ವ್ಯಾಪಾರದಿಂದಲೇ ನನ್ನ ಗೆಳೆಯರ ಕಾರು ತುಂಡುತುಂಡಾಗಿ ಹುಟ್ಟಿತು!

ಆದರೆ ಮುಂದಕ್ಕೆ ಮಗುಚುವ ಮೂತಿಗೆ ಮುಂದೆ ಜಾಗ ಬೇಕು. ಇದನ್ನು ಮರೆತು ನಾನು ಹೆರಾಲ್ಡನ್ನು ನಮ್ಮ ಶೆಡ್ಡಿನ ಶಹಾಬಾದ್ ಕಲ್ಲಿನ ಗೋಡೆಗೆ ಮೂತಿ ತಾಗಿಸಿ ನಿಲ್ಲಿಸಿದ್ದೆ. ಬೆಳಿಗ್ಗೆ ಅದು ಚಾಲೂ ಆಗಲಿಲ್ಲ. ನೋಡಲು ಬಾನೆಟ್ ತೆರೆಯುವಂತಿಲ್ಲ, ಓಡಿಸಿ ಹೊರಗೆ ತರುವಂತೆಯೂ ಇಲ್ಲ. ಹಾಲಿನವನೂ ನಾನೂ ಸೇರಿ ಹಿಂದಕ್ಕೆ ತಳ್ಳಬೇಕಾಯಿತು. ಬೋಲ್ಟಿನ ಮೈಗೆ ಇನ್ನೊಂದು ತೊಂದರೆಯಿದೆ: ಕೂಡುಜಾಗ ಹೆಚ್ಚಿದ್ದಷ್ಟೂ ವಯಸ್ಸಾದ ರಬ್ಬರು ಬಿರಿದ ಮೇಲೆ ಧೂಳಿಗೆ ದಾರಿ ಹೆಚ್ಚು. ಎರೆಹೊಲದ ಬದಿಯ ಕಚ್ಚಾ ದಾರಿಯಲ್ಲಿ ಎರಡು ಮೈಲಿ ಹೋಗುವಷ್ಟರಲ್ಲಿ ನನ್ನ ಬಿಳಿ ಅಂಗಿ ಬೂದಿಬಣ್ಣಕ್ಕೆ ತಿರುಗಿತ್ತು.

ಅಂಬಾಸಡರ್‌ನ ವಿಚಿತ್ರಗಳು ಕಣ್ಣಿಗೆ ಅಷ್ಟು ಹೊಡೆಯುವುದಿಲ್ಲ, ಏಕೆಂದರೆ 2014ರವರೆಗೂ ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ಅದು ತಯಾರಾಗುತ್ತಲೇ ಇತ್ತು, ನಾವು ಅದನ್ನು ನೋಡಿ ನೋಡಿ ಪಳಗಿದ್ದೇವೆ. ಹಿಂದಿನ ಮಡ್‌ಗಾರ್ಡಿನ ತುದಿಯ ಪುಟ್ಟ ರೆಕ್ಕೆಗಳು ಆ ಕಾಲದ ಅಮೆರಿಕದ ಶೋಕಿಯ ನೆರಳು; ಅವುಗಳಿಂದ ನನಗಾದ ಪ್ರಯೋಜನ ಏನೂ ಇಲ್ಲ. ಹಿಂದಿನ ಚಕ್ರದ ನೆತ್ತಿಯನ್ನು ತಗಡು ಮುಚ್ಚಿರುವುದಂತೂ ಕಮಲಾಪುರದ ಬಳಿ ಪಂಕ್ಚರ್ ಆದಾಗ ಬೆವರಿಳಿಸಿತು: ಮೈಯನ್ನು ಜಾಕಿನಿಂದ ಚೆನ್ನಾಗಿ ಎತ್ತಿ, ಪಟ್ಟಿ ಸ್ಪ್ರಿಂಗು ಇಳಿಬಿದ್ದು ಚಕ್ರ ಕೆಳಗೆ ಜೋತ ಮೇಲೆಯೇ ಟೈರು ಹೊರಗೆ ಬಂದದ್ದು. ಅದೇ ನಿಲುಗಡೆಯಲ್ಲಿ ಕೊಂಡ ಕೆಂಪು ಬಾಳೆಯ ಎರಡು ಗೊನೆಗಳು ಮಾತ್ರ ಡಿಕ್ಕಿಯಲ್ಲಿ ಮಗ್ಗುಲಾಗಿ ಆರಾಮವಾಗಿ ಮಲಗಿ ಬಂದವು.

ಉಳಿದದ್ದು ಚಾವಣಿ. ಅಂಬಾಸಡರ್ ಸುಮಾರು 1.6 ಮೀಟರ್ ಎತ್ತರ, ಹೆರಾಲ್ಡ್ 1.32 ಮೀಟರ್. ಪಟಗ ಸುತ್ತಿದ ನಮ್ಮ ಮಾವ ಹೆರಾಲ್ಡ್‌ನಲ್ಲಿ ಕೂರುವಾಗ ಅದನ್ನು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು, ಫಿಯೆಟ್‌ನಲ್ಲಿ ಕತ್ತು ತುಸು ಬಗ್ಗಿಸಿದರು, ಅಂಬಾಸಡರ್‌ನಲ್ಲಿ ಹಾಗೆಯೇ ಕೂತರು. ರಿಪೇರಿಗೆ ನನ್ನ ಮತ ಹೆರಾಲ್ಡ್‌ಗೆ, ಹತ್ತಿ ಇಳಿಯುವುದಕ್ಕೆ ಡುಕ್ಕರ್‌ಗೆ. ಮದುವೆ ದಿಬ್ಬಣಕ್ಕೆ ಯಾವುದನ್ನು ಕಳಿಸಲಿ ಎಂದು ಕೇಳಿದಾಗ ಮಾವ ಉತ್ತರಿಸಲಿಲ್ಲ. ಪಟಗ ಸರಿಮಾಡಿಕೊಂಡು ಅಂಬಾಸಡರ್‌ನ ಹಿಂದಿನ ಸೀಟಿಗೆ ಹೋಗಿ ಕೂತರು.