ಹಾನ್ಲೆಗೆ ಹೋಗುವುದಾದರೆ ಅಮಾವಾಸ್ಯೆ ನೋಡಿಕೊಂಡು ಹೋಗಿ

ಲಡಾಖ್ ಟೂರ್ ಮಾರುವವರೆಲ್ಲ ಈಗ ‘ಸ್ಟಾರ್ ಗೇಜಿಂಗ್ ನೈಟ್’ ಅಂತ ಒಂದು ಸಾಲು ಸೇರಿಸುತ್ತಾರೆ. ಆ ರಾತ್ರಿ ಬೆಳದಿಂಗಳು ಇರುತ್ತದೋ ಇಲ್ಲವೋ, ಅದನ್ನು ಮಾತ್ರ ಹೇಳುವುದಿಲ್ಲ. ಲೇಹ್‌ನ ಏಜೆಂಟನ್ನು ಕೇಳಿದರೆ ಯಾವಾಗ ಬಂದರೂ ನಕ್ಷತ್ರ ಇರುತ್ತವೆ ಅಂದ. ಇರುತ್ತವೆ, ಆದರೆ ಕಾಣಬೇಕಲ್ವಾ? ಕ್ಯಾಲೆಂಡರ್ ನೋಡಿ ಮಹಾಲಯ ಅಮಾವಾಸ್ಯೆಗೇ ಹಾನ್ಲೆ (ಕತ್ತಲ ಆಕಾಶಕ್ಕೆ ಹೆಸರಾದ ಲಡಾಖ್‌ನ ಹಳ್ಳಿ) ಬರುವಂತೆ ಬುಕ್ ಮಾಡಿದೆ. "ಹಿರಿಯರಿಗೆ ಎಡಿ ಇಡೋ ದಿನ ಊರು ಬಿಟ್ಟು ಹೋಗ್ತಾರೇನೋ?" ಅಂತ ಅವ್ವ ಬೈದಳು. ಎಡೆ ತಮ್ಮನ ಪಾಲಿಗೆ ಬಿತ್ತು.

ವಿಜಯಪುರದಲ್ಲಿ ಆಗ ಉತ್ತರಿ ಮಳೆ. ಹಾನ್ಲೆಯಲ್ಲಿ ಮೋಡದ ಸುಳಿವೇ ಇಲ್ಲ. ಲೇಹ್‌ನಿಂದ ಸಿಂಧೂ ನದಿ ಹಿಡಿದು ಚುಮಾಥಾಂಗ್, ನ್ಯೋಮಾ ದಾಟಿ ಹೋಗಬೇಕು, ಇಡೀ ದಿನದ ದಾರಿ. ಗುಡ್ಡದ ಮೇಲೆ ಭಾರತೀಯ ಖಗೋಳ ವೀಕ್ಷಣಾಲಯ ಇದೆ, 4,500 ಮೀಟರ್ ಎತ್ತರದಲ್ಲಿ. ಅಲ್ಲಿಯ 2 ಮೀಟರ್ ಕನ್ನಡಿಯ ‘ಹಿಮಾಲಯನ್ ಚಂದ್ರ’ ದೂರದರ್ಶಕವನ್ನು (ಹೆಸರು ವಿಜ್ಞಾನಿ ಚಂದ್ರಶೇಖರ್ ಅವರದು) ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು, ಉಪಗ್ರಹದ ಮೂಲಕ!

ಪ್ರವಾಸಿಗರಿಗೆ ಆಕಾಶ ತೋರಿಸುವವರು ಊರಿನವರೇ. ಆ ವೀಕ್ಷಣಾಲಯ ನಡೆಸುವ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ತರಬೇತಿ ಕೊಟ್ಟು, ಟೆಲಿಸ್ಕೋಪ್ ಕೊಟ್ಟಿದೆ. ನಮಗೆ ಸಿಕ್ಕವರು ಒಬ್ಬ ಅಕ್ಕ, ಹಿಂದಿ ಚೆನ್ನಾಗಿ ಮಾತಾಡುತ್ತಿದ್ದರು. ಮೊದಲು ಎಲ್ಲರ ಮೊಬೈಲ್ ಒಳಗಿಡಿಸಿ ಇಪ್ಪತ್ತು ನಿಮಿಷ ಸುಮ್ನೆ ಕೂರಿಸಿದರು, ಕಣ್ಣು ಕತ್ತಲೆಗೆ ಹೊಂದಲಿ ಅಂತ. ಆಮೇಲೆ ನೋಡಿದರೆ ಧನು ರಾಶಿಯ ಕಡೆ ಆಕಾಶಗಂಗೆ ದಪ್ಪಗೆ, ನಡುವೆ ಕಪ್ಪು ಸೀಳು ಸಮೇತ. ಆಂಡ್ರೊಮಿಡಾ ಗೆಲಾಕ್ಸಿ ಬರಿಗಣ್ಣಿಗೇ ಸಿಕ್ಕಿತು. ಅಲ್ಲಿಂದ ಬೆಳಕು ಬರಲು 25 ಲಕ್ಷ ವರ್ಷ ಬೇಕಂತೆ. ಟೆಲಿಸ್ಕೋಪಿನಲ್ಲಿ ಶನಿಯ ಬಳೆ ನಮ್ಮ ಕಡೆಗೆ ಅಂಚು ತಿರುಗಿಸಿ ನಿಂತಿತ್ತು, ಗುಂಡಿಗೆ ಚುಚ್ಚಿದ ಸೂಜಿಯಷ್ಟೇ ತೆಳ್ಳಗೆ. ಸುಮಾರು 15 ವರ್ಷಕ್ಕೊಮ್ಮೆ ಹೀಗಾಗುತ್ತದೆ ಅಂದರು. ಅಗಲ ಬಳೆ ನೋಡಬೇಕೆಂದಿದ್ದ ನನ್ನ ಹೆಂಡತಿಗೆ ಬೇಜಾರು, ನನಗೆ ಖುಷಿ. ಅಷ್ಟರಲ್ಲಿ ನಮ್ಮ ಗಾಡಿಯವರೊಬ್ಬರು ಸ್ವೆಟರ್‌ಗೆಂದು ಬಾಗಿಲು ತೆಗೆದರು, ಒಳಗಿನ ದೀಪ ಹತ್ತಿತು. ಮತ್ತೆ ಇಪ್ಪತ್ತು ನಿಮಿಷ!

ಅಕ್ಕನಿಗೆ ಐದಕ್ಕೆ ಐದು. ಏಜೆಂಟನಿಗೆ ಎರಡು, ಅದೂ ಡ್ರೈವರ್ ಒಳ್ಳೆಯವನು ಅಂತ. ‘ಎಲ್ಲ ಸೇರಿ’ ಅಂದ ರೇಟಿನಲ್ಲಿ ಟೆಲಿಸ್ಕೋಪಿನ ದುಡ್ಡು ಸೇರಿರಲಿಲ್ಲ, ಅಲ್ಲಿ ಬೇರೆ ಕೊಟ್ಟೆವು. ಬೆಳಿಗ್ಗೆ ಎದ್ದ ಕೂಡಲೇ ಪ್ಯಾಂಗಾಂಗ್ ಸರೋವರಕ್ಕೆ ಓಡಿಸಿದ. 17ನೇ ಶತಮಾನದ ಹಾನ್ಲೆ ಮಠವನ್ನು ಕಿಟಕಿಯಿಂದಲೇ ನೋಡಿದ್ದಾಯಿತು. ಎರಡು ರಾತ್ರಿ ಕೇಳಿ ಪಡೆಯಿರಿ, ಒಂದು ದಿನ ಮೋಡ ಬಂದರೂ ಇನ್ನೊಂದು ಇರುತ್ತದೆ.

ಏಜೆಂಟನ ಪಟ್ಟಿಯಲ್ಲಿ ಲೇಹ್‌ಗೆ ಒಂದೇ ರಾತ್ರಿ ಇತ್ತು. ತೆಳು ಗಾಳಿಗೆ ಮೈ ಹೊಂದಬೇಕಲ್ಲ, ಜಗಳ ಮಾಡಿ ಮೂರು ಮಾಡಿಸಿದೆ. ನನ್ನದು ಮೆಡಿಕಲ್ ಅಂಗಡಿ, ಎತ್ತರಕ್ಕೆ ಹೋಗುವವರು ಅಲ್ಲಿ ತಲೆನೋವು, ವಾಂತಿ ಬರದಿರಲಿ ಅಂತ ಅಸೆಟಜೋಲಮೈಡ್ ಗುಳಿಗೆ ಕೇಳಿಕೊಂಡು ಬರುತ್ತಾರೆ. ಡಾಕ್ಟರ್ ಚೀಟಿ ಇಲ್ಲದೆ ಬೇಡ, ಸಲ್ಫಾ ಅಲರ್ಜಿ ಇದ್ದವರು ಮೊದಲೇ ಹೇಳಿಬಿಡಿ. ಗುಳಿಗೆ ತಗೊಂಡರೂ ಲೇಹ್‌ನಲ್ಲಿ ಸುಮ್ನೆ ಮಲಗುವುದು ತಪ್ಪುವುದಿಲ್ಲ.

ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯಲ್ಲ, ಮನೆಯಲ್ಲಿ ಹೇಳಿ ಹೋಗಿ. ಖಡಕ್ ರೊಟ್ಟಿ, ಶೇಂಗಾ ಹಿಂಡಿ ಒಯ್ಯಿರಿ. ಅಲ್ಲಿಯ ನೂಡಲ್ ಸೂಪು ಥುಕ್ಪಾ ರುಚಿಯೇ, ಆದರೆ ಎರಡು ಊಟ ಆದ ಮೇಲೆ ಬಾಯಿ ಖಾರ ಬೇಡುತ್ತದೆ.